ತೂಗುವುದಾದರೆ ಸಣ್ಣ ಮರಿಯನ್ನೇ ತೂಗಿ

ಪ್ರಶ್ನೆ: ನಮ್ಮ ಮನೆ ಶಿರ್ವದ ಹತ್ತಿರ. ಮೂರು ವರ್ಷದಿಂದ ಹಂದಿ ಸಾಕುತ್ತಿದ್ದೇವೆ. ಮೇವು ಹೆಚ್ಚಾಗಿ ಹೋಟೆಲಿನ ಮುಸುರೆ. ಎರಡು ತಿಂಗಳ ಹಿಂದೆ ಎರಡು ಬೇರೆ ಬೇರೆ ಕಡೆಯಿಂದ ತಂದ 16 ಮರಿಗಳನ್ನು ಒಂದೇ ಗೂಡಿಗೆ ಬಿಟ್ಟೆವು. ಮೊದಲ ಎರಡು ದಿನ ಭಾರೀ ಕಾದಾಟ, ಆಮೇಲೆ ತಣ್ಣಗಾಯಿತು. ಆದರೆ ಮೂರು ಮರಿಗಳು ಬೆಳೆಯುತ್ತಲೇ ಇಲ್ಲ. ಹುಳದ ಔಷಧ ಹಾಕಿಸಿದ್ದೇವೆ. ಕಾಲೇಜಿನಲ್ಲಿ ಓದುವ ಮಗಳು "ಇದು ಸ್ಟ್ರೆಸ್, ರಕ್ತದಲ್ಲಿ ಕಾರ್ಟಿಸಾಲ್ ನೋಡಿಸಿ" ಎನ್ನುತ್ತಾಳೆ. ಉಡುಪಿಯ ಲ್ಯಾಬಿನಲ್ಲಿ ಮಾಡಿಸಬಹುದಾ? ಬೇರೆ ದಾರಿ ಇದೆಯಾ? ಈಸ್ಟರ್ ಲೆಕ್ಕಕ್ಕೆ ಮುಂದಿನ ತಿಂಗಳು ಇನ್ನೂ 8 ಮರಿ ತರುವ ಯೋಚನೆ ಇದೆ. ಅವನ್ನು ಇದೇ ಗೂಡಿಗೆ ಬಿಡಬಹುದಾ?

ಉತ್ತರ: ನಿಮ್ಮ ಮಗಳ ಅನುಮಾನ ಸರಿಯಾಗಿಯೇ ಇದೆ. ಗುರುತಿಲ್ಲದ ಮರಿಗಳನ್ನು ಒಟ್ಟಿಗೆ ಬಿಟ್ಟಿದ್ದೀರಿ, ಉಳಿದವು ಬೆಳೆದಿವೆ, ಮೂರು ಮಾತ್ರ ಹಿಂದೆ ಬಿದ್ದಿವೆ. ಇಂಥ ಕಡೆ ನಾನೂ ಮೊದಲು ನೋಡುವುದು ಗೂಡಿನೊಳಗಿನ ದಬ್ಬಾಳಿಕೆಯನ್ನೇ. ಆದರೆ ರಕ್ತ ಪರೀಕ್ಷೆ ಬೇಡ. ಆ ದುಡ್ಡು ಉಳಿಸಿಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಕಾರ್ಟಿಸಾಲ್ ಅನ್ನುವುದು ಮೂತ್ರಪಿಂಡದ ಮೇಲೆ ಕೂತಿರುವ ಸಣ್ಣ ಗ್ರಂಥಿಯಿಂದ ಬರುವ ಹಾರ್ಮೋನು. ಮನುಷ್ಯನಲ್ಲಿರುವುದೂ ಹಂದಿಯಲ್ಲಿರುವುದೂ ಒಂದೇ. ಹಾಗಾಗಿ ಲ್ಯಾಬಿನವರು ಒಪ್ಪಿದರೆ ಯಂತ್ರ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ತೊಂದರೆ ಇರುವುದು ಆ ಅಂಕಿಯಲ್ಲೇ. ಹಂದಿಯ ರಕ್ತ ತೆಗೆಯುವುದು ಹೇಗೆ ಅಂತ ನೀವು ನೋಡಿರಬಹುದು. ಅಟ್ಟಿಸಿಕೊಂಡು ಹೋಗಬೇಕು, ಮೂತಿಗೆ ಕುಣಿಕೆ ಹಾಕಬೇಕು, ಅದು ಊರಿಗೆ ಕೇಳುವಂತೆ ಕಿರುಚಬೇಕು. ಈ ಗದ್ದಲಕ್ಕೇ ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಏರುತ್ತದೆ. ಆಗ ನೀವು ಅಳೆದದ್ದು ಗೂಡಿನ ಒತ್ತಡವನ್ನೋ, ಕುಣಿಕೆಯ ಒತ್ತಡವನ್ನೋ? ಹೇಳಲು ಆಗುವುದಿಲ್ಲ. ಮದುವೆ ಊಟದಲ್ಲಿ ಹೋಳಿಗೆ ತಿಂದು ಕೈ ತೊಳೆದ ಕೂಡಲೇ ಸಕ್ಕರೆ ಪರೀಕ್ಷೆ ಮಾಡಿಸಿದ ಹಾಗೆ.

ಇನ್ನೂ ಇದೆ. ಕಾರ್ಟಿಸಾಲ್ ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. ಕಾದಾಟದಲ್ಲಿ ಸೋತ ಹಂದಿಗೂ ಏರುತ್ತದೆ, ಗೆದ್ದದ್ದಕ್ಕೂ ಏರುತ್ತದೆ. ಗಂಡು ಹಂದಿಗೆ ಹೆಣ್ಣನ್ನು ಕೂಡುವಾಗಲೂ ಏರುತ್ತದೆ. ಅದನ್ನು ಯಾರಾದರೂ ಸಂಕಟ ಅನ್ನುತ್ತಾರಾ? ಅಂದರೆ ಈ ಹಾರ್ಮೋನು ಹೇಳುವುದು "ಮೈ ಎಚ್ಚೆತ್ತಿದೆ" ಅಂತ ಮಾತ್ರ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅಂತ ಹೇಳುವುದಿಲ್ಲ. ಜೊತೆಗೆ ನಿಮ್ಮ ಮೂರು ಮರಿಗಳ ಕಷ್ಟ ಎರಡು ತಿಂಗಳು ಹಳೆಯದು. ಒತ್ತಡ ಇಷ್ಟು ಕಾಲ ಎಳೆದಾಗ ಬೆಳಗು ಸಂಜೆಯ ಏರಿಳಿತ ಚಪ್ಪಟೆಯಾಗುವುದುಂಟು. ಒಂದು ಹೊತ್ತಿನ ಅಂಕಿ ಮಾತ್ರ ಮಾಮೂಲಿಯಾಗಿ ಕಂಡೀತು. ವರದಿ ನೋಡಿ "ಎಲ್ಲಾ ಸರಿ ಇದೆ" ಅಂದುಕೊಂಡು ಸುಮ್ಮನಾಗುವ ಅಪಾಯ ಅಲ್ಲಿದೆ.

ಸಂಶೋಧಕರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ರಕ್ತದ ಬದಲು ಜೊಲ್ಲು. ಹತ್ತಿಯ ತುಂಡನ್ನೋ ಹತ್ತಿ ಹಗ್ಗವನ್ನೋ ಗೂಡಿನೊಳಗೆ ಬಿಟ್ಟರೆ ಹಂದಿ ತಾನಾಗಿ ಬಂದು ಅಗಿಯುತ್ತದೆ. ಹಿಂಡಿ ತೆಗೆದರೆ ಸಾಕು, ಹಿಡಿಯುವ ಗೋಜಿಲ್ಲ. ಆದರೆ ಜೊಲ್ಲಿನಲ್ಲಿ ಕಾರ್ಟಿಸಾಲ್ ರಕ್ತದಲ್ಲಿರುವುದಕ್ಕಿಂತ ತುಂಬಾ ಕಡಿಮೆ. ಅದಕ್ಕೆ ಬೇರೆ ಸೂಕ್ಷ್ಮ ಪರೀಕ್ಷೆ ಬೇಕು. ಒಂದೇ ಹೊತ್ತಿಗೆ, ಹಲವು ದಿನ, ಹಲವು ಹಂದಿಗಳಿಂದ ತೆಗೆಯಬೇಕು. ಇನ್ನು ಕೆಲವರು ಕೂದಲಿನಲ್ಲಿ ನೋಡುತ್ತಾರೆ. ಕೂದಲು ಬೆಳೆಯುವಾಗ ಕಾರ್ಟಿಸಾಲ್ ಅದರೊಳಗೆ ಸೇರುವುದರಿಂದ ವಾರಗಟ್ಟಲೆಯ ಲೆಕ್ಕ ಸಿಗುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ. ಆದರೆ ಸೆಗಣಿ, ಮೂತ್ರದಲ್ಲಿ ಹೊರಳುವ ಹಂದಿಯ ಕೂದಲಿಗೆ ಹೊರಗಿನಿಂದಲೂ ಅದೇ ಹಾರ್ಮೋನು ಅಂಟುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗೂಡನ್ನು ನೆನೆದರೆ ನನಗಂತೂ ಅದರಲ್ಲಿ ನಂಬಿಕೆ ಕಡಿಮೆ.

ಹಾಗಾದರೆ ಏನನ್ನು ಅಳೆಯಬೇಕು? ಒತ್ತಡ ಮೈಯಲ್ಲಿ ಏನು ಮಾಡಿದೆ ಅನ್ನುವುದನ್ನು. ಅದನ್ನೂ ಗೂಡಿಗೆ ಒಟ್ಟಾರೆಯಾಗಿ ಅಳೆಯಬೇಡಿ, ಒಂದೊಂದು ಹಂದಿಗೆ ಬೇರೆಯಾಗಿ ಅಳೆಯಿರಿ. ಸೆಕೆ ಗೂಡಿನ ಎಲ್ಲಾ ಹಂದಿಗೂ ಹೆಚ್ಚುಕಡಿಮೆ ಒಂದೇ ರೀತಿ ತಟ್ಟುತ್ತದೆ. ಮೇವು ಕೆಟ್ಟಿದ್ದರೂ ಹಾಗೆಯೇ. ಹಂದಿಗೆ ಹಂದಿಯಿಂದಲೇ ಬರುವ ಒತ್ತಡ ಸಮನಾಗಿ ಹಂಚಿಹೋಗುವುದಿಲ್ಲ. ಅದು ಮೇಲಿನಿಂದ ಜಾರಿ ಕೆಳಗಿನ ಎರಡು ಮೂರು ಪ್ರಾಣಿಗಳ ಮೇಲೆ ಬಂದು ಕೂರುತ್ತದೆ. ಸರಾಸರಿ ತೆಗೆದರೆ ಅದು ಕಾಣುವುದೇ ಇಲ್ಲ. 13 ಮರಿ 34 ಕಿಲೋ, 3 ಮರಿ 15 ಕಿಲೋ ಅಂದುಕೊಳ್ಳಿ. ಸರಾಸರಿ 30 ಕಿಲೋ ದಾಟುತ್ತದೆ. ಪಕ್ಕದ ಗೂಡಿನಲ್ಲಿ 16ಕ್ಕೆ 16 ಮರಿಯೂ 30 ಕಿಲೋ ಇದ್ದರೆ ಕಾಗದದ ಮೇಲೆ ಎರಡೂ ಗೂಡು ಒಂದೇ ಥರ. ಎದುರು ನಿಂತು ನೋಡಿದರೆ?

ಕಾದಾಟ ಯಾಕೆ ಅನ್ನುವುದನ್ನೂ ಹೇಳಬೇಕು. ಕಾಡಿನಲ್ಲಿ ಹಂದಿಗಳು ಇರುವುದು ಸಣ್ಣ ಗುಂಪಿನಲ್ಲಿ. ಕೆಲವು ಹೆಣ್ಣು ಹಂದಿಗಳು, ಅವುಗಳ ಮರಿಗಳು. ಹೆಚ್ಚಾಗಿ ಒಂದೇ ಬಳಗ. ಮೇಲು ಕೀಳಿನ ಲೆಕ್ಕ ಹುಟ್ಟಿದ ಮೊದಲ ದಿನಗಳಲ್ಲೇ ಶುರು. ಯಾವ ಮರಿಗೆ ಯಾವ ಮೊಲೆ ಅನ್ನುವುದು ಆಗಲೇ ತೀರ್ಮಾನವಾಗುತ್ತದೆ. ಆಮೇಲೆ ಬಗ್ಗಿ ದಾರಿ ಬಿಟ್ಟರೆ ಸಾಕು, ಕಚ್ಚುವ ಅಗತ್ಯ ಬರುವುದು ಕಡಿಮೆ. ನಾವು ಮಾಡುವುದೇನು? ಒಂದು ಸಂಜೆ ಟೆಂಪೋದಿಂದ ಇಳಿಸಿ ಎರಡು ಬಳಗವನ್ನು ಒಂದೇ ಗೋಡೆಯೊಳಗೆ ಬಿಡುತ್ತೇವೆ. ಓಡಿಹೋಗಲು ಜಾಗವಿಲ್ಲ. ಹೊಸ ಲೆಕ್ಕ ಬರೆಯಲೇಬೇಕು. ದೊಡ್ಡ ಕಾದಾಟವೆಲ್ಲ ಮೊದಲ 24 ಗಂಟೆಯಲ್ಲಿ, ಒಟ್ಟು ತೀರ್ಮಾನ ಸುಮಾರು ಎರಡು ದಿನದಲ್ಲಿ. ನೀವು ಕಂಡದ್ದೂ ಅದನ್ನೇ.

"ಆಮೇಲೆ ತಣ್ಣಗಾಯಿತು" ಎಂದು ಬರೆದಿದ್ದೀರಿ. ತಣ್ಣಗಾದದ್ದು ಕಾದಾಟ. ದಬ್ಬಾಳಿಕೆ ಅಲ್ಲಿಂದಲೇ ಶುರುವಾಯಿತು, ಅದಕ್ಕೆ ಸದ್ದಿಲ್ಲ ಅಷ್ಟೇ. ಸಾಕುವವರು ಮೊದಲ ಎರಡು ದಿನ ಗಾಬರಿಯಾಗಿ ಫೋನ್ ಮಾಡುತ್ತಾರೆ, ಮೂರನೇ ವಾರ ಯಾರೂ ಮಾಡುವುದಿಲ್ಲ. ನನ್ನನ್ನು ಕೇಳಿದರೆ ನೋಡಬೇಕಾದದ್ದು ಆ ಮೂರನೇ ವಾರವನ್ನೇ.

ಮೊದಲ ಸಾಕ್ಷಿ ಚರ್ಮ. ಗೀರುಗಳನ್ನು ಎಣಿಸಿ. ಖರ್ಚಿಲ್ಲದ ಕೆಲಸ, ಆದರೂ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಬಳಸುವುದು ಇದನ್ನೇ. ಎಷ್ಟು ಗೀರು ಅನ್ನುವಷ್ಟೇ ಮುಖ್ಯ ಎಲ್ಲಿ ಗೀರು ಅನ್ನುವುದು. ಸ್ಕಾಟ್ಲೆಂಡಿನ ಸಂಶೋಧಕರು ಕಾದಾಟವನ್ನು ವಿಡಿಯೋದಲ್ಲಿ ನೋಡಿ ಗಾಯಗಳ ಜೊತೆ ತಾಳೆ ಹಾಕಿದ್ದಾರೆ. ಮುಖ, ಕಿವಿ, ಭುಜದ ಮೇಲೆ ಗೀರು ಜಾಸ್ತಿ ಇದ್ದರೆ ಆ ಹಂದಿ ಎದುರು ನಿಂತು ಕಾದಾಡಿದೆ. ಸೊಂಟ, ತೊಡೆ, ಬಾಲದ ಹತ್ತಿರ ಜಾಸ್ತಿ ಇದ್ದರೆ ಅದು ಬೆನ್ನು ತಿರುಗಿಸಿ ಓಡಿದೆ, ಹಿಂದಿನಿಂದ ಕಚ್ಚಿಸಿಕೊಂಡಿದೆ. ಅವರ ಕೆಲಸದಲ್ಲಿ ಇನ್ನೊಂದು ವಿಷಯವೂ ಹೊರಬಂತು. ಸೇರಿಸಿದ ದಿನ ಭುಜಕ್ಕೆ ಹೆಚ್ಚು ಗಾಯ ಮಾಡಿಕೊಂಡವುಗಳಿಗೆ ಕೆಲವು ವಾರದ ನಂತರ ಹೊಸ ಗಾಯ ಕಡಿಮೆ ಇರುವ ಕಡೆಗೆ ಲೆಕ್ಕ ವಾಲುತ್ತದೆ. ಮೊದಲ ದಿನ ರಕ್ತ ಕಂಡ ಮರಿಗೆ ನಾವು ಅರಿಶಿನ ಹಚ್ಚಿ ಉಪಚಾರ ಮಾಡುತ್ತೇವೆ. ಮೂಲೆಯಲ್ಲಿ ಮೈ ಒತ್ತಿಕೊಂಡು ಗಾಯವಿಲ್ಲದೆ ನಿಂತ ಮರಿಯನ್ನು "ಪಾಪದ್ದು, ಜಗಳಕ್ಕೆ ಹೋಗುವುದಿಲ್ಲ" ಅಂತ ಬಿಡುತ್ತೇವೆ. ಕಣ್ಣಿಡಬೇಕಾದದ್ದು ಮೂಲೆಯ ಮರಿಯ ಮೇಲೆ.

ಎಣಿಸುವುದು ಹೀಗೆ. ಹಂದಿಯ ಒಂದೇ ಬದಿ ಸಾಕು. ಕಿವಿ, ಮುಂಭಾಗ, ನಡು, ಹಿಂಭಾಗ, ಕಾಲು ಅಂತ ಐದು ತುಂಡಾಗಿ ನೋಡಿ. ಕೆಂಪಗಿರುವ ಹೊಸ ಗೀರು, ಒಣಗಿದ ಹಳೇ ಗೀರು ಬೇರೆ ಬೇರೆ ಬರೆಯಿರಿ. ಬೆನ್ನಿನ ಮೇಲೆ ನೇರಳೆ ಔಷಧದಿಂದ ಒಂದು, ಎರಡು, ಮೂರು ಅಂತ ಗೆರೆ ಎಳೆದರೆ ಯಾರು ಯಾರು ಅಂತ ಗೊತ್ತಾಗುತ್ತದೆ. ಕಪ್ಪು ಹಂದಿಯಲ್ಲಿ ಗೀರು ಕಾಣುವುದು ಕಷ್ಟ. ನೀರು ಹೊಡೆದು ತೊಳೆದ ಮೇಲೆ ಬಿಸಿಲಲ್ಲಿ ನೋಡಬೇಕು. ವಾರಕ್ಕೊಮ್ಮೆ, ಒಬ್ಬರೇ ಎಣಿಸಿ. ಈ ವಾರ ನೀವು, ಮುಂದಿನ ವಾರ ಮನೆಯವರು ಅಂತ ಮಾಡಿದರೆ ಲೆಕ್ಕ ಹಾಳು.

ಎರಡನೆಯ ಸಾಕ್ಷಿ ತೂಕ. ತಕ್ಕಡಿ ಇಲ್ಲದಿದ್ದರೆ ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಎರಡು ಕಿವಿಯ ನಡುವಿನಿಂದ ಬಾಲದ ಬುಡದವರೆಗೆ ಉದ್ದ ತೆಗೆಯಿರಿ. ಎರಡೂ ಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, ಆಮೇಲೆ 69.3ರಿಂದ ಗುಣಿಸಿದರೆ ಕಿಲೋದಲ್ಲಿ ತೂಕ ಬರುತ್ತದೆ. ಸುತ್ತಳತೆ 0.75, ಉದ್ದ 0.80 ಇದ್ದರೆ ಸುಮಾರು 31 ಕಿಲೋ. ಎರಡೂ 0.60 ಇದ್ದರೆ 15 ಕಿಲೋ. ಅಂದಾಜಿನ ಲೆಕ್ಕವೇ, ಆದರೆ ವಾರದಿಂದ ವಾರಕ್ಕೆ ಹೋಲಿಸಲು ಸಾಕು. ಎಲ್ಲಕ್ಕಿಂತ ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಅಂತರವನ್ನು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಒಟ್ಟು ತೂಕ ಏರುತ್ತಿದ್ದರೂ ಈ ಅಂತರ ಅಗಲವಾಗುತ್ತಾ ಹೋದರೆ ಕೆಳಗಿನವಕ್ಕೆ ಏನೋ ಆಗುತ್ತಿದೆ. ಟೇಪು ಹಿಡಿದು ಬೆನ್ನಟ್ಟಬೇಡಿ. ತೊಟ್ಟಿಗೆ ಬಾಯಿ ಹಾಕಿದ್ದಾಗ ಸುಮ್ನೆ ಸುತ್ತಿದರೆ ಹೆಚ್ಚಿನವು ಲಕ್ಷ್ಯವೇ ಮಾಡುವುದಿಲ್ಲ.

ಮೂರನೆಯದು ತೊಟ್ಟಿ. ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲೇ. ಹೋಟೆಲಿನ ಮುಸುರೆ ಬರುವುದು ದಿನಕ್ಕೆ ಒಂದು ಅಥವಾ ಎರಡು ಹೊತ್ತು, ಡ್ರಮ್ಮಿನಲ್ಲಿ. ಒಂದೇ ತೊಟ್ಟಿಗೆ ಸುರಿಯುತ್ತೇವೆ. ಅನ್ನ, ಇಡ್ಲಿ, ತರಕಾರಿ ತುಂಡು ಮೊದಲ ಹತ್ತು ನಿಮಿಷದಲ್ಲಿ ಖಾಲಿ. ತಡವಾಗಿ ಬಂದದ್ದಕ್ಕೆ ಸಾಂಬಾರಿನ ನೀರು. ದಿನವಿಡೀ ಒಣ ಮೇವು ಇಡುವ ಕಡೆ ಕೆಳಗಿನ ಹಂದಿ ಮಧ್ಯರಾತ್ರಿಯಾದರೂ ಬಂದು ತಿನ್ನಬಹುದು. ಮುಸುರೆಯಲ್ಲಿ ಆ ದಾರಿಯೂ ಇಲ್ಲ. ಹಾಗಾಗಿ ಮೊಬೈಲನ್ನು ಗೂಡಿನ ಮೇಲಿನ ಪಕ್ಕಾಸಿಗೆ ಕಟ್ಟಿ, ಸುರಿದ ಕ್ಷಣದಿಂದ ಅರ್ಧ ಗಂಟೆ ವಿಡಿಯೋ ಮಾಡಿ. ನೀವು ಹೊರಗೆ ಹೋಗಿ, ನಿಮ್ಮನ್ನು ನೋಡಿದರೆ ಅವುಗಳ ನಡತೆ ಬದಲಾಗುತ್ತದೆ. ಆಮೇಲೆ ಕೂತು ನೋಡಿ. ಮೂರು ಮರಿಗಳು ತೊಟ್ಟಿಗೆ ಬಂದದ್ದು ಎಷ್ಟನೇ ನಿಮಿಷಕ್ಕೆ? ಎಷ್ಟು ಸಲ ತಳ್ಳಿಸಿಕೊಂಡವು? ಯಾರು ತಳ್ಳಿದ್ದು? ಹೆಚ್ಚಿನ ಗೂಡುಗಳಲ್ಲಿ ತಳ್ಳುವುದು ಒಂದೋ ಎರಡೋ ಹಂದಿ ಮಾತ್ರ. ಅದು ಮೈಯಲ್ಲಿ ಎಲ್ಲಕ್ಕಿಂತ ದೊಡ್ಡದೇ ಆಗಿರಬೇಕೆಂದಿಲ್ಲ.

ಬಾಲವನ್ನೂ ನೋಡಿ, ಕತ್ತರಿಸದೆ ಬಿಟ್ಟಿದ್ದರೆ. ನೆಮ್ಮದಿಯ ಹಂದಿಯ ಬಾಲ ಹೆಚ್ಚಾಗಿ ಸುರುಳಿಯಾಗಿರುತ್ತದೆ. ಬಾಲ ಕಚ್ಚುವ ಚಟ ಗೂಡಿನಲ್ಲಿ ಹಬ್ಬುವ ಮೊದಲೇ ಹಲವು ಹಂದಿಗಳ ಬಾಲ ಕೆಳಗೆ ಇಳಿಯುತ್ತದೆ, ಕಾಲ ಸಂದಿಗೆ ಸೇರುತ್ತದೆ. ಹೊರದೇಶಗಳಲ್ಲಿ ಇದನ್ನು ಕ್ಯಾಮೆರಾದಿಂದ ತಾನಾಗಿ ಗುರುತಿಸುವ ವ್ಯವಸ್ಥೆಯನ್ನೂ ಮಾಡಿದ್ದಾರೆ. ಕೂಗಿನ ಮೇಲೂ ಕೆಲಸ ಆಗಿದೆ. 2022ರಲ್ಲಿ ಯುರೋಪಿನ ಸಂಶೋಧಕರು 411 ಹಂದಿಗಳ ಏಳು ಸಾವಿರಕ್ಕೂ ಹೆಚ್ಚು ಕೂಗುಗಳನ್ನು ಕಂಪ್ಯೂಟರಿಗೆ ಕೊಟ್ಟರು. ಖುಷಿಯ ಕೂಗು ಯಾವುದು, ಕಷ್ಟದ ಕೂಗು ಯಾವುದು ಎಂದು ಅದು 92 ಶೇಕಡಾ ಸಲ ಸರಿಯಾಗಿ ವಿಂಗಡಿಸಿತು. ಖುಷಿಯ ಕೂಗುಗಳು ಚಿಕ್ಕವು, ಏರಿಳಿತ ಕಡಿಮೆ. ನಿಮಗೆ ಕಂಪ್ಯೂಟರ್ ಬೇಡ. ಮೂರು ವರ್ಷ ಸಾಕಿದವರ ಕಿವಿಗೆ ಇದು ಗೊತ್ತೇ ಇರುತ್ತದೆ, ಅಲ್ವಾ?

ಒಂದು ಎಚ್ಚರ. ಏಪ್ರಿಲ್, ಮೇ ತಿಂಗಳಲ್ಲಿ ಈ ಲೆಕ್ಕಗಳನ್ನು ಶುರು ಮಾಡಬೇಡಿ. ಹಂದಿಗೆ ನಮ್ಮ ಹಾಗೆ ಬೆವರುವುದಕ್ಕೆ ಬರುವುದಿಲ್ಲ. ಶಿರ್ವದ ಸೆಕೆಯಲ್ಲಿ ಏದುಸಿರು ಬಿಡುವ ಹಂದಿ ಹೇಗೂ ಕಡಿಮೆ ತಿನ್ನುತ್ತದೆ. ಆಗ ತೂಕ ನಿಂತದ್ದು ಸೆಕೆಗೋ ದಬ್ಬಾಳಿಕೆಗೋ ತಿಳಿಯುವುದಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಇದರ ಬಗ್ಗೆ ಪ್ರಯೋಗ ಮಾಡಿ 1998ರಲ್ಲಿ ಪ್ರಕಟಿಸಿದರು. ಸೆಕೆ, ಇಕ್ಕಟ್ಟು, ಗುಂಪು ಬದಲಾವಣೆ, ಮೂರನ್ನೂ ಬೇರೆ ಬೇರೆಯಾಗಿಯೂ ಒಟ್ಟಿಗೂ ಕೊಟ್ಟು ನೋಡಿದರು. ಬೆಳವಣಿಗೆಯ ನಷ್ಟ ಒಂದರ ಮೇಲೊಂದು ಕೂಡುತ್ತಾ ಹೋಯಿತು. ಅಂದರೆ ಒಂದನ್ನು ಕಡಿಮೆ ಮಾಡಿದರೂ ಅಷ್ಟರ ಮಟ್ಟಿಗೆ ಲಾಭವೇ. ಯುರೋಪಿನ ಕಾನೂನು 85ರಿಂದ 110 ಕಿಲೋ ತೂಕದ ಹಂದಿಗೆ ಕನಿಷ್ಠ 0.65 ಚದರ ಮೀಟರ್ ಜಾಗ ಅನ್ನುತ್ತದೆ. ಆ ಅಂಕಿಯನ್ನು ನೋಡಿ ನಮ್ಮಲ್ಲಿ ಕೆಲವರು ಗೂಡು ಕಟ್ಟಿಸುತ್ತಾರೆ. ಅಲ್ಲಿನ ಚಳಿಗೆ ಅದು ನಡೆದೀತು, ನಮ್ಮ ಸೆಕೆಗೆ ಸಾಲದು.

ಮಾಂಸದಲ್ಲೂ ಒತ್ತಡ ಅಳೆಯಬಹುದು. ನೀವು ಕೇಳಿಲ್ಲ, ಆದರೆ ಕ್ರಿಸ್‌ಮಸ್ ಹತ್ತಿರ ಇರುವುದರಿಂದ ಹೇಳುತ್ತೇನೆ. ಕಡಿಯುವ ಹಿಂದಿನ ರಾತ್ರಿ ಬೇರೆ ಬೇರೆ ಗೂಡಿನ ಹಂದಿಗಳನ್ನು ಒಂದೇ ಕಡೆ ಕೂಡಿಹಾಕಿದರೆ ರಾತ್ರಿಯೆಲ್ಲ ಕಾದಾಡಿ ಸ್ನಾಯುವಿನ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ. ಆಗ ಮಾಂಸದಲ್ಲಿ ಹುಳಿ ಸರಿಯಾಗಿ ಬೆಳೆಯುವುದಿಲ್ಲ. ಮರುದಿನ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇದು ಇಳಿಯುತ್ತದೆ) 6ರ ಮೇಲೆಯೇ ನಿಲ್ಲುತ್ತದೆ. ಮಾಂಸ ಕಪ್ಪಗೆ, ಗಟ್ಟಿಯಾಗಿ, ಒಣಗಿದ ಹಾಗೆ ಇರುತ್ತದೆ, ಬೇಗ ಹಾಳಾಗುತ್ತದೆ. ಕಡಿಯುವ ಕೊನೇ ಗಳಿಗೆಯಲ್ಲಿ ಹೆದರಿಸಿದರೆ ಉಲ್ಟಾ. ಮೈ ಬಿಸಿ ಇರುವಾಗಲೇ ಹುಳಿ ಏರಿ ಮಾಂಸ ಬಿಳುಚಿಕೊಳ್ಳುತ್ತದೆ, ನೀರು ಬಿಡುತ್ತದೆ. ದುಕ್ರಾಮಾಸ್ (ಹಂದಿ ಮಾಂಸದ ಅಡುಗೆ) ಮಾಡುವ ಮನೆಯವರು "ಈ ಸಲದ ಮಾಂಸ ಪಾತ್ರೆಯಲ್ಲಿ ಕುಗ್ಗಿಹೋಯಿತು" ಅಂತ ದೂರುವುದಕ್ಕೆ ಎಷ್ಟೋ ಸಲ ಕಾರಣ ಇದು. ಒಂದೇ ಗೂಡಿನವನ್ನು ಒಟ್ಟಿಗೆ ಸಾಗಿಸಿ, ಬೆರೆಸಬೇಡಿ.

ಈಗ ನಿಮ್ಮ ಮೂರು ಮರಿಗಳು. ಏನೇ ಮಾಡುವ ಮೊದಲು ಜ್ವರ ನೋಡಿ. ಹಂದಿಯ ಮೈಬಿಸಿ ಸಾಮಾನ್ಯವಾಗಿ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 40 ದಾಟಿದ್ದರೆ, ಕಿವಿ ಹೊಟ್ಟೆ ಕೆಂಪಾಗಿದ್ದರೆ, ಒತ್ತಡದ ಮಾತು ಬಿಟ್ಟು ಕೂಡಲೇ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರಕ್ಕೆ ಔಷಧ ಇಲ್ಲ, ಮತ್ತು ಅದು ಹರಡುವ ದಾರಿಗಳಲ್ಲಿ ಹಂದಿ ಮಾಂಸ ಬೆರೆತ ಮುಸುರೆಯೂ ಒಂದು. ಸಸ್ಯಾಹಾರಿ ಹೋಟೆಲಿನದೇ ಆದರೂ ಚೆನ್ನಾಗಿ ಕುದಿಸಿ ಹಾಕುವ ರೂಢಿ ಇಟ್ಟುಕೊಳ್ಳಿ.

ಜ್ವರ ಇಲ್ಲದಿದ್ದರೆ ಮೂರನ್ನೂ ಒಟ್ಟಿಗೆ ಬೇರೆ ಗೂಡಿಗೆ ಹಾಕಿ. ಒಂದೊಂದನ್ನೇ ಬೇರೆ ಮಾಡಬೇಡಿ, ಪರಿಚಯದ ಜೊತೆ ಇದ್ದರೆ ಹಂದಿಗೆ ಧೈರ್ಯ. ಮೇವು ಅದೇ ಇರಲಿ, ಹೊತ್ತೂ ಅದೇ ಇರಲಿ. ಬದಲಾಗುವುದು ಜೊತೆಗಾರರು ಮಾತ್ರ. ಮೂರು ವಾರ ಟೇಪಿನಿಂದ ಅಳೆಯಿರಿ. ಗೀರು ಮಾಯವಾಗಿ ತೂಕ ಏರಲು ಶುರುವಾದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು, ಕಾರಣ ಗೂಡಿನ ದಬ್ಬಾಳಿಕೆ. ಏರದಿದ್ದರೆ ಶ್ವಾಸಕೋಶ, ಹುಳ, ಹುಟ್ಟಿನ ಬಡಕಲುತನ, ಬೇರೆ ಏನಾದರೂ ಇದೆ. ಆಗ ಸೆಗಣಿಯ ಸ್ಯಾಂಪಲ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ನನ್ನ ಮಟ್ಟಿಗೆ ಯಾವ ಹಾರ್ಮೋನಿಗಿಂತಲೂ ಇದು ಗಟ್ಟಿ ಪರೀಕ್ಷೆ. ಚೇತರಿಸಿಕೊಂಡ ಮೇಲೂ ಹಳೇ ಗೂಡಿಗೆ ವಾಪಸ್ ಬಿಡಬೇಡಿ. ಮೂರು ವಾರ ಕಾಣದ ಹಂದಿ ಅಲ್ಲಿನವಕ್ಕೆ ಹೊಸಬನೇ.

ಉಳಿದ 13ಕ್ಕೆ ತೊಟ್ಟಿಯನ್ನು ಉದ್ದ ಮಾಡಿ, ಅಥವಾ ಎರಡು ಕಡೆ ಇಡಿ. ಎಲ್ಲಾ ಹಂದಿಗಳು ಭುಜಕ್ಕೆ ಭುಜ ತಾಗಿಸಿ ನಿಂತರೂ ಸ್ವಲ್ಪ ಜಾಗ ಉಳಿಯಬೇಕು. ಬೈಹುಲ್ಲು, ತೆಂಗಿನ ಸಿಪ್ಪೆ, ಹಲಸಿನ ಸೊಪ್ಪು ಹಾಕಿದರೆ ಬಾಯಿಗೆ ಕೆಲಸ ಸಿಗುತ್ತದೆ.

ಹೊಸ 8 ಮರಿಗಳನ್ನು ಈ ಗೂಡಿಗೆ ಖಂಡಿತ ಬಿಡಬೇಡಿ. 30 ಕಿಲೋ ದಾಟಿದ, ಲೆಕ್ಕಾಚಾರ ಮುಗಿಸಿದ ಗುಂಪಿನೊಳಗೆ ಎಳೆ ಮರಿಗಳನ್ನು ಬಿಟ್ಟರೆ ಎಂಟೂ ಕೆಳಗೇ ಬೀಳುತ್ತವೆ. ಮೊದಲ 30 ದಿನ ರೋಗದ ಭಯಕ್ಕೇ ದೂರದ ಗೂಡಿನಲ್ಲಿ ಇಡಬೇಕು, ಬಕೆಟ್ಟು, ಚಪ್ಪಲಿ ಕೂಡ ಬೇರೆ. ಆಮೇಲೂ ಅವು ಅಲ್ಲೇ ಬೆಳೆಯಲಿ. ಸಾಧ್ಯವಿದ್ದರೆ ಎಂಟನ್ನೂ ಒಂದೇ ತಾಯಿಯ ಮರಿಗಳಾಗಿ ಕೊಳ್ಳಿ. ಎರಡು ಕಡೆಯಿಂದ ತರಲೇಬೇಕಾದರೆ ಎಲ್ಲವನ್ನೂ ಒಂದೇ ದಿನ, ಯಾವುದಕ್ಕೂ ಗುರುತಿಲ್ಲದ ಖಾಲಿ ಗೂಡಿಗೆ, ಕತ್ತಲಾದ ಮೇಲೆ, ಹೊಟ್ಟೆ ತುಂಬಿಸಿ ಬಿಡಿ. ಬಿಡುವ ಮೊದಲು ಒಂದು ಸಲ, ಮರುದಿನ ಒಂದು ಸಲ, ಮೂರು ವಾರ ಕಳೆದು ಒಂದು ಸಲ ಗೀರು ಎಣಿಸಿ, ಸುತ್ತಳತೆ ಉದ್ದ ಬರೆದಿಡಿ. ಈ ಲೆಕ್ಕದ ಪುಸ್ತಕವನ್ನು ಮಗಳಿಗೆ ಒಪ್ಪಿಸಬಹುದು, ಹೇಗೂ ಆಸಕ್ತಿ ಇದೆಯಲ್ಲ.